ಮೊದಲ ಹುಟ್ಟುಹಬ್ಬಕ್ಕೆ ಮರದ ಆಟಿಕೆಗಳ ಸಡಗರ

ವರ್ಷ ತುಂಬುವ ಹೊತ್ತಿಗೆ ಮಗು ಮಂಚವನ್ನೋ ಕುರ್ಚಿಯನ್ನೋ ಹಿಡಿದು ಎದ್ದು ನಿಲ್ಲುತ್ತದೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ, ಕೆಳಕ್ಕೆಸೆದು ಸದ್ದು ಕೇಳುತ್ತದೆ, ಎತ್ತಿ ಕೊಟ್ಟರೆ ಮತ್ತೆ ಎಸೆಯುತ್ತದೆ. ಆಟಿಕೆಗಳನ್ನೇ ಮುಖ್ಯವಾಗಿಟ್ಟುಕೊಂಡು ಮನೆಯಲ್ಲಿ ಮಾಡುವ ಹುಟ್ಟುಹಬ್ಬ ಈ ವಯಸ್ಸಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಗೋಡೆ ತುಂಬ ಆಟಿಕೆಯ ಚಿತ್ರ ಅಂಟಿಸಿ ಮಗುವನ್ನು ಫೋಟೊಗೆ ಕೂರಿಸಿದರೆ ಅದಕ್ಕೆ ಸಿಗುವುದೇನೂ ಇಲ್ಲ. ಅಲಂಕಾರಕ್ಕೆಂದು ಇಟ್ಟದ್ದನ್ನೇ ಅದು ಎತ್ತಿಕೊಂಡು ಆಡುವಂತಿರಬೇಕು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಹತ್ತಿರದಲ್ಲೇ ಇದೆ. ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಬೆಳೆದು ಬಂದಿದೆ ಎನ್ನುವ ಅರಗಿನ ಆಟಿಕೆಯ ಕಸುಬು ಇಂದಿಗೂ ನಡೆಯುತ್ತಿದೆ. ಮೂಲತಃ ಬಳಸುತ್ತಿದ್ದುದು ಆಲೆಮರ. ಮೆದುವಾದ, ಬೆಳ್ಳಗಿನ, ನಯವಾದ ಎಳೆಗಳ ಮರ. ಒಣಗಿಸಿದ ತುಂಡನ್ನು ಲೇತ್‌ಗೆ ಕಟ್ಟಿ ತಿರುಗಿಸುತ್ತ ಉಳಿಯಿಂದ ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ಒಣಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಲೇತಿನಲ್ಲಿ ಹುಟ್ಟುವ ಆಕಾರಗಳೆಲ್ಲ ದುಂಡಗಿರುವುದರಿಂದ ಮೊನೆ, ಅಂಚುಗಳು ಕಡಿಮೆ. ಹಲ್ಲು ಬರುತ್ತಿರುವ ಮಗುವಿಗೆ ಇದು ಹಿತ. ಗಿಲಕಿ, ಕೋಲಿಗೆ ಪೋಣಿಸುವ ಬಣ್ಣದ ಬಳೆಗಳು, ದಾರ ಕಟ್ಟಿ ಎಳೆಯುವ ಬಂಡಿ, ಹಿಡಿದು ನಡೆಯುವ ತಳ್ಳುಗಾಡಿ: ಇಷ್ಟಿದ್ದರೆ ಹಬ್ಬಕ್ಕೆ ಸಾಕು. ಇವುಗಳಲ್ಲಿ ತಳ್ಳುಗಾಡಿ ಮುಂದಿನ ಕೆಲವು ತಿಂಗಳು ದಿನವೂ ಬಳಕೆಗೆ ಬರುತ್ತದೆ. ಒಂದನ್ನೇ ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು.

ಕೊಳ್ಳುವಾಗ ಎರಡು ಮಾತು ಗಮನದಲ್ಲಿರಲಿ. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ನೋಂದಾಯಿತ ಕರಕುಶಲಿಗಳು ಮಾಡಿ ಮಾರುವ ಆಟಿಕೆಗೂ ಚನ್ನಪಟ್ಟಣದಂಥ ಜಿಐ (ಭೌಗೋಳಿಕ ಸೂಚನೆ) ಮಾನ್ಯತೆಯ ಆಟಿಕೆಗೂ ಇದರಿಂದ ವಿನಾಯಿತಿ ಇದೆ. ಗುರುತಿಲ್ಲದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ. ಆದರೆ ಪರೀಕ್ಷೆಯ ಹೊಣೆ ಕೊಳ್ಳುವವರದು. ಬಣ್ಣ ಅರಿಶಿನ, ನೀಲಿಯಂಥ ಸಸ್ಯಮೂಲದ್ದೋ ರಾಸಾಯನಿಕವೋ ಎಂದು ಕೇಳಬೇಕು, ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು, ಗಾಲಿ ಮತ್ತು ಮಣಿಗಳನ್ನು ಎಳೆದು ಬಿಗಿ ನೋಡಬೇಕು. ಮೂರು ವರ್ಷದೊಳಗಿನವರ ಆಟಿಕೆಯ ಚೂರುಗಳನ್ನು ಪರೀಕ್ಷಿಸಲು ಬಳಸುವ ಅಳತೆಯ ಕೊಳವೆಯ ವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿದುಬಿಡುವ ಯಾವ ಚೂರೂ ಮಗುವಿನ ಗಂಟಲಿಗೆ ಅಪಾಯ. ಬುಗುರಿ, ಗೋಲಿ ಬಂದ ದೊಡ್ಡ ಮಕ್ಕಳಿಗಿರಲಿ, ಅದೂ ಬೇರೆ ಕೋಣೆಯಲ್ಲಿ. ಮಿನುಗುವ ಆಟಿಕೆಗಳ ಗುಂಡಿ ಬ್ಯಾಟರಿಯನ್ನು ನುಂಗಿದರೆ ಅನ್ನನಾಳ ಎರಡು ಗಂಟೆಯೊಳಗೇ ಸುಡಬಹುದು. ಅಂಥವು ಉಡುಗೊರೆಯಾಗಿ ಬಂದರೆ ಎತ್ತಿಡುವುದೇ ಸರಿ. ಒಡೆದ ಬಲೂನಿನ ಚೂರೂ ಅಷ್ಟೇ ಅಪಾಯಕಾರಿ. ಬಲೂನಿನ ಬದಲು ಮಾವಿನ ತೋರಣ, ಬಣ್ಣದ ಬಟ್ಟೆಯ ಪಟ್ಟಿಗಳು ಮನೆಗೆ ಹೆಚ್ಚು ಕಳೆ ಕೊಡುತ್ತವೆ.

ದಸರೆಯ ಗೊಂಬೆ ಮೆಟ್ಟಿಲು ಹಾಕುವ ಮನೆಗಳಲ್ಲಿ ಅದನ್ನೇ ಈ ದಿನಕ್ಕೂ ಇಳಿಸುವ ಆಸೆ ಸಹಜ. ಆದರೆ ಹಿಡಿದು ನಿಲ್ಲುವ ಮಗು ಮೇಲುಹಾಸನ್ನು ಎಳೆದರೆ ಎಲ್ಲವೂ ಮೈಮೇಲೆ ಬೀಳುತ್ತದೆ. ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ಒತ್ತಿ ಅಲುಗದ ಮಣೆಯೊಂದನ್ನಿಟ್ಟು ಅದರ ಮೇಲೆ ನಾಲ್ಕಾರು ಆಟಿಕೆ ಜೋಡಿಸಿದರೆ ಸಾಕು. ಆರತಿಯ ದೀಪ, ಕೇಕಿನ ಮೇಣದಬತ್ತಿ ದೊಡ್ಡವರ ಕೈಯಲ್ಲೇ ಇರಲಿ.

ಹಬ್ಬದ ಹೊತ್ತನ್ನು ಗೊತ್ತುಮಾಡುವುದು ಮಗುವಿನ ನಿದ್ದೆ. ಈ ವಯಸ್ಸಿನಲ್ಲಿ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನೇಕ ಮನೆಗಳಲ್ಲಿ ಜನ್ಮನಕ್ಷತ್ರದ ದಿನ ಎಣ್ಣೆ ನೀರು ಹಾಕಿ, ಆರತಿಯೋ ಆಯುಷ್ಯಹೋಮವೋ ಮುಗಿಸಿ, ನೆಂಟರನ್ನು ಭಾನುವಾರಕ್ಕೆ ಕರೆಯುತ್ತಾರೆ. ಇದು ಬಹಳ ಒಳ್ಳೆಯ ಏರ್ಪಾಟು. ಒಂದೇ ದಿನದಲ್ಲಿ ಎರಡನ್ನೂ ತುರುಕಿದರೆ ಮಗು ಅಳುತ್ತಲೇ ಕಳೆಯುತ್ತದೆ. ಹೊಸ ಮುಖಗಳಿಗೆ ಹೆದರುವ ಕಾಲವೂ ಇದೇ. ಹತ್ತಿಪ್ಪತ್ತು ಮಂದಿ, ಎರಡು ಗಂಟೆಯ ಕೂಟ, ಬಂದವರೆಲ್ಲ ಮಗುವನ್ನು ಎತ್ತಿಕೊಳ್ಳಲೇಬೇಕೆಂಬ ಒತ್ತಾಯವಿಲ್ಲದಿರುವುದು: ಇದೇ ಮಗುವಿಗೆ ಹಿತ.

ಊಟಕ್ಕೆ ಕೇಸರಿಬಾತು, ಪೊಂಗಲ್, ಕೋಸಂಬರಿ ದೊಡ್ಡವರಿಗೆ. ಮಗುವಿಗೆ ಕಿವುಚಿದ ಬಾಳೆಹಣ್ಣು, ರಾಗಿ ಸರಿ, ಮೆತ್ತಗಿನ ಇಡ್ಲಿ. ಎರಡು ವರ್ಷ ತುಂಬುವವರೆಗೆ ಸಕ್ಕರೆ ಬೇಡವೆನ್ನುವುದು ಮಕ್ಕಳ ವೈದ್ಯರ ಸಲಹೆ. ಹಾಗಾಗಿ ಕೇಕು ತಂದರೂ ಮಗುವಿನ ಪಾಲು ಹಣ್ಣಿನದೇ ಆಗಿರಲಿ. ಇಡೀ ದ್ರಾಕ್ಷಿ, ಗೋಡಂಬಿ, ಕಡಲೆಬೀಜ ಮಗುವಿನ ಕೈಗೆಟುಕುವಲ್ಲಿ ಇರಬಾರದು.

ಹೊರಡುವ ಮಕ್ಕಳಿಗೆ ತಾಂಬೂಲದ ಚೀಲದಲ್ಲಿ ವಯಸ್ಸಿಗೆ ತಕ್ಕ ಮರದ ಆಟಿಕೆಯೊಂದನ್ನು ಇಡಬಹುದು. ಬಂದ ಉಡುಗೊರೆಗಳನ್ನೆಲ್ಲ ಅಂದೇ ಬಿಚ್ಚದೆ, ಎರಡು ಮೂರನ್ನು ಹೊರಗಿಟ್ಟು ಉಳಿದದ್ದನ್ನು ತಿಂಗಳಿಗೊಂದರಂತೆ ತೆಗೆದರೆ ಮಗು ಪ್ರತಿಯೊಂದನ್ನೂ ಪೂರ್ತಿ ಆಡುತ್ತದೆ. ಅರಗಿನ ಆಟಿಕೆಯನ್ನು ನೀರಿನಲ್ಲಿ ನೆನೆಸಬಾರದು, ಬಿಸಿಲಲ್ಲಿ ಬಿಡಬಾರದು. ಜೊಲ್ಲು ಹತ್ತಿದಾಗ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಬೇಕು.