ಸುಲಿದರೆ ಅಪ್ಪನ ಬೈಕ್ ಹಾಗೇ ಇತ್ತು!

ಕಾಲೇಜಿನ ಪಾರ್ಕಿಂಗ್‌ನಲ್ಲಿ ನನ್ನ ಬೈಕ್ ದೂರದಿಂದಲೇ ಗೊತ್ತಾಗುತ್ತಿತ್ತು. ಚೆಂದಕ್ಕಲ್ಲ, ಹಳತಾಗಿದ್ದಕ್ಕೆ! ಅಪ್ಪ ಹನ್ನೆರಡು ವರ್ಷ ಓಡಿಸಿ, ನಾನು ಬಿಇ ಸೇರಿದಾಗ ಕೊಟ್ಟ ಕೆಂಪು ಸ್ಪ್ಲೆಂಡರ್ ಅದು. ಕಪ್ಪು ಪೇಂಟ್ ಮಾಡಿಸುತ್ತೇನೆ ಎಂದರೆ ಅಪ್ಪ ಒಪ್ಪಲಿಲ್ಲ. ‘ಮುಂದಿನ ವರ್ಷ ಫೀಸಿಗೆ ಕಮ್ಮಿ ಬಿದ್ರೆ ಇದನ್ನೇ ಮಾರ್ಬೇಕು ಕಣೋ. ಕಂಪನಿ ಬಣ್ಣ ಇದ್ರೇನೇ ನಾಲ್ಕು ಕಾಸು ಸಿಗೋದು’ ಎಂದರು.

ಆಗ ಸೀನಿಯರ್ ಒಬ್ಬರು ಹೇಳಿದ್ದೇ ಸುಲಿಯಬಹುದಾದ ರಬ್ಬರ್ ಸ್ಪ್ರೇ. ಡಬ್ಬಿಯಲ್ಲಿರುವುದು ದ್ರಾವಕದಲ್ಲಿ ಕರಗಿಸಿದ ರಬ್ಬರಿನಂಥ ವಸ್ತು. ದ್ರಾವಕ ಆರಿದರೆ ತೆಳುವಾದ ಪದರ ಉಳಿಯುತ್ತದೆ. ಬೇಡವೆಂದಾಗ ಅಂಚಿನಿಂದ ಎಳೆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಬರುತ್ತದೆ. ಹಳೇ ಡಬ್ಬದ ಮುಚ್ಚಳಕ್ಕೆ ಹೊಡೆದು, ಸುಲಿದು ತೋರಿಸಿದ ಮೇಲೆ ಅಪ್ಪ ‘ಹ್ಞೂಂ’ ಎಂದರು.

ಒಂದು ಭಾನುವಾರ ಟ್ಯಾಂಕ್, ಸೈಡ್ ಪ್ಯಾನೆಲ್‌ಗಳನ್ನು ಶಾಂಪೂ ಹಾಕಿ ತೊಳೆದು, ಜಿಡ್ಡು ಹೋಗಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಉಳಿದ ಭಾಗಕ್ಕೆ ಪೇಪರ್, ಮಾಸ್ಕಿಂಗ್ ಟೇಪ್. ಬ್ರೇಕ್ ಮತ್ತು ಬಿಸಿಯಾಗುವ ಸೈಲೆನ್ಸರ್ ತಂಟೆಗೆ ಹೋಗಲಿಲ್ಲ. ಮೊದಲ ಕೋಟ್ ತೆಳ್ಳಗೆ, ಕೆಳಗಿನ ಕೆಂಪು ಕಾಣುವಷ್ಟು. ಅರ್ಧ ಗಂಟೆಗೊಂದರಂತೆ ಐದು ಕೋಟ್. ಕೊನೆಯದು ಒದ್ದೆಯಿರುವಾಗಲೇ ಟೇಪ್ ಕಿತ್ತೆ; ಒಣಗಿದ ಮೇಲೆ ಕಿತ್ತರೆ ಅಂಚೂ ಹರಿದು ಬರುತ್ತದೆ. ಮರುದಿನ ಕಾಲೇಜಿನಲ್ಲಿ ‘ಹೊಸ ಗಾಡೀನಾ ಮಗಾ?’ ಎಂಬ ಪ್ರಶ್ನೆ ಕೇಳಿ ಕಾಲು ನೆಲದ ಮೇಲಿರಲಿಲ್ಲ.

ಖುಷಿ ಇದ್ದದ್ದು ಎರಡೇ ವಾರ. ಬಂಕ್‌ನಲ್ಲಿ ಟ್ಯಾಂಕ್ ಮೇಲೆ ಒಂದಿಷ್ಟು ಪೆಟ್ರೋಲ್ ಚೆಲ್ಲಿತು. ನೋಡನೋಡುತ್ತಿದ್ದಂತೆ ರಬ್ಬರ್ ಸುಕ್ಕುಗಟ್ಟಿತು. ಒರೆಸಲು ಹೋದರೆ ಬಟ್ಟೆಗೆ ಅಂಟಿತು. ಪೆಟ್ರೋಲ್ ಕೂಡ ದ್ರಾವಕವೇ ಅಲ್ಲವೇ? ಕೆಮಿಸ್ಟ್ರಿಯಲ್ಲಿ ಓದಿ ಪಾಸಾಗಿದ್ದೆ, ಬೈಕ್ ಮುಂದೆ ನೆನಪಾಗಲಿಲ್ಲ. ಕೆಳಗಿನ ಪೇಂಟೂ ಹೋಗಿದ್ದರೆ? ಅಪ್ಪನ ಮಾತು ನೆನಪಾಗಿ ಎದೆ ಹೊಡೆದುಕೊಳ್ಳತೊಡಗಿತು.

ಮನೆಗೆ ಬಂದವನೇ ಸುಲಿಯಲು ಕುಳಿತೆ. ದಪ್ಪಗೆ ಹೊಡೆದಿದ್ದ ಕಡೆ ಪದರ ಒಂದೇ ಹಾಳೆಯಂತೆ ಎದ್ದುಬಂತು. ಸಂದಿಗಳಲ್ಲಿ ಅವಸರಕ್ಕೆ ತೆಳ್ಳಗೆ ಹೊಡೆದಿದ್ದು ಚೂರುಚೂರಾಗಿ, ಉಗುರಿನಿಂದ ಕೆರೆಯುವಷ್ಟರಲ್ಲಿ ರಾತ್ರಿಯಾಯಿತು. ಕೆಳಗೆ ಅದೇ ಕೆಂಪು ಬಣ್ಣ. ಅಪ್ಪನ ಬ್ಯಾಗಿನ ಜಿಪ್ ತಾಗಿ ಆಗಿದ್ದ ಗೀರು ಸಹ ಹಾಗೇ ಇತ್ತು. ಅಪ್ಪ ಬ್ಯಾಟರಿ ಬಿಟ್ಟು ನೋಡಿ, ‘ರೇಟ್ ಇಳಿದಿಲ್ಲ ಬಿಡು’ ಎಂದು ನಕ್ಕರು.

ನೀವೂ ಮಾಡುವುದಾದರೆ ಸಣ್ಣ ಭಾಗದಿಂದ ಶುರು ಮಾಡಿ. ಗಾಳಿಯಾಡುವ ಕಡೆ, ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಮೊದಲೇ ಎದ್ದಿರುವ ಪೇಂಟ್ ಇದರ ಜೊತೆ ಕಿತ್ತು ಬರಬಹುದು, ಎಚ್ಚರ. ಆರ್‌ಸಿಯಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುತ್ತದೆ. ಇಡೀ ಬೈಕಿನ ಬಣ್ಣ ಬದಲಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಈಗ ನನ್ನ ಬೈಕಿನಲ್ಲಿ ಸೈಡ್ ಪ್ಯಾನೆಲ್ ಮಾತ್ರ ಕಪ್ಪು. ಮಾರುವ ದಿನ ಬಂದರೆ ಹತ್ತು ನಿಮಿಷದಲ್ಲಿ ಸುಲಿದು ಕೊಡಬಹುದು. ಆ ದಿನ ಬಾರದಿರಲಿ ಎಂದು ಈ ಸೆಮಿಸ್ಟರ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೇನೆ.