ಸೀಮೆಎಣ್ಣೆ ಒಲೆಯ ದೋಷಗಳು ಮತ್ತು ಬಾಣಂತಿಯ ಕೋಣೆ

ಮಾಗಿಯ ದಿನಗಳಲ್ಲಿ ಮಾರ್ಟಳ್ಳಿಯ ಸುತ್ತಣ ಬೆಟ್ಟಗಳ ಚಳಿಯು ಸಂಜೆಯಾಗುತ್ತಲೇ ಮನೆಯೊಳಗೆ ಹೊಕ್ಕುಬಿಡುತ್ತದೆ. ಮನೆಯಲ್ಲಿ ಬಾಣಂತಿಯೂ ಹಸುಗೂಸೂ ಇದ್ದರಂತೂ ಹಿರಿಯರಿಗೆ ಅದೇ ಚಿಂತೆ. ಅಡಿಗೆ ಅನಿಲ ಬಂದ ಮೇಲೆ ಅಟ್ಟ ಸೇರಿದ್ದ ಪಂಪ್ ಸ್ಟೌವ್ ಅಥವಾ ಬತ್ತಿ ಸ್ಟೌವ್ ಆಗ ಮತ್ತೆ ಕೆಳಗಿಳಿಯುತ್ತದೆ. ನೀರು ಕಾಯಿಸಲು, ಕೋಣೆಯನ್ನು ಬೆಚ್ಚಗಿಡಲು ಅದನ್ನು ಹಚ್ಚುವುದುಂಟು. ಬಹುಕಾಲ ಮೂಲೆಯಲ್ಲಿದ್ದ ಒಲೆಯು ಹೊಗೆ ಕಾರುತ್ತದೆ, ಸಿಡಿಯುತ್ತದೆ, ಆರಿಹೋಗುತ್ತದೆ. ಕೆಲವೊಮ್ಮೆ ಭಗ್ಗನೆ ಮೇಲೇಳುತ್ತದೆ. ಇದಕ್ಕೆ ಕಾರಣವೇನು? ಮನೆಯಲ್ಲೇ ಸರಿಪಡಿಸತಕ್ಕದ್ದು ಯಾವುದು, ಕೂಡದ್ದು ಯಾವುದು? ಗಂಡಹೆಂಡಿರಿಬ್ಬರೂ ಇದನ್ನು ತಿಳಿದಿರುವುದು ಅವಶ್ಯಕ.

ಒಲೆಯು ಉರಿಯುವ ಬಗೆ

ಸೀಮೆಎಣ್ಣೆಯು ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಬತ್ತಿ ಸ್ಟೌವಿನಲ್ಲಿ ಎಣ್ಣೆಯು ಬತ್ತಿಯ ಮೂಲಕ ಮೇಲೇರಿ, ಕಾವಿಗೆ ಆವಿಯಾಗಿ ಉರಿಯುತ್ತದೆ. ಪಂಪ್ ಸ್ಟೌವಿನ ಮಾದರಿಯನ್ನು ಸ್ವೀಡನ್ ದೇಶದ ಲಿಂಡ್‌ಕ್ವಿಸ್ಟ್ ಎಂಬಾತನು 1892ರಲ್ಲಿ ರೂಪಿಸಿದನು. ಇದರಲ್ಲಿ ಗಾಳಿಯ ಒತ್ತಡವು ಎಣ್ಣೆಯನ್ನು ಕಾದ ಬರ್ನರಿಗೆ ತಳ್ಳುತ್ತದೆ. ಅಲ್ಲಿ ಆವಿಯಾದ ಎಣ್ಣೆಯು ನಿಪ್ಪಲ್ಲಿನ ಸೂಕ್ಷ್ಮ ರಂಧ್ರದಿಂದ ಹೊರಬಿದ್ದು, ಗಾಳಿಯೊಡನೆ ಬೆರೆತು ಉರಿಯುತ್ತದೆ. ಪಂಪ್ ಸ್ಟೌವು ಸರಿಯಾಗಿದೆ ಎಂಬುದಕ್ಕೆ ನೀಲಿ ಜ್ವಾಲೆಯೇ ಸಾಕ್ಷಿ.

ದೋಷಗಳು ಮತ್ತು ಪರಿಹಾರಗಳು

ಒಲೆಯನ್ನು ಪರೀಕ್ಷಿಸುವ ಮೊದಲು ಅದನ್ನು ಆರಿಸಿ, ಪೂರ್ತಿಯಾಗಿ ತಣ್ಣಗಾಗಲು ಬಿಟ್ಟು, ಮನೆಯ ಹೊರಗೆ ತನ್ನಿರಿ. ಬೀಡಿ, ದೀಪ, ಮಕ್ಕಳು ಹತ್ತಿರ ಇರಕೂಡದು.

1. ಜ್ವಾಲೆಯು ಚಟಪಟನೆ ಸಿಡಿದು, ಕುಗ್ಗಿ ಹಿಗ್ಗಿ ಆರಿಹೋದರೆ ಎಣ್ಣೆಯಲ್ಲಿ ನೀರು ಸೇರಿರುವ ಸಂಭವವುಂಟು. ಒಂದು ಲೀಟರ್ ಸೀಮೆಎಣ್ಣೆಯ ತೂಕ ಸುಮಾರು 800 ಗ್ರಾಂ. ನೀರಿನ ತೂಕ 1,000 ಗ್ರಾಂ. ಆದ್ದರಿಂದ ನೀರು ತಳಕ್ಕೆ ಇಳಿಯುತ್ತದೆ. ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ಅಲುಗಿಸದೆ ಇಟ್ಟರೆ, ಬೆಳಗ್ಗೆ ತಳದಲ್ಲಿ ನೀರು ಬೇರೆಯಾಗಿ ಕಾಣುವುದು. ಮೇಲಿನ ಎಣ್ಣೆಯನ್ನು ಮಾತ್ರ ನಿಧಾನವಾಗಿ ಬಗ್ಗಿಸಿಕೊಂಡು, ಒಣ ಬಟ್ಟೆಯಲ್ಲಿ ಸೋಸಿ ಉಪಯೋಗಿಸಿರಿ. ಬತ್ತಿಯು ನೀರು ಕುಡಿದಿದ್ದರೆ ಎಣ್ಣೆಯನ್ನು ಹೀರುವುದಿಲ್ಲ. ಅದನ್ನು ಬಿಸಿಲಿನಲ್ಲಿ ಒಣಗಿಸಿರಿ.

2. ಪಂಪು ಹಾಕಿದರೂ ಜ್ವಾಲೆ ಏಳದಿದ್ದರೆ ನಿಪ್ಪಲ್ಲಿಗೆ ಕಸ ಕಟ್ಟಿರಬಹುದು. ಅದಕ್ಕೆಂದೇ ಮಾಡಿದ ಪಿನ್ನಿನಿಂದ ಬಿಡಿಸಿರಿ. ದಪ್ಪ ತಂತಿ ಅಥವಾ ಸೂಜಿ ಹಾಕಿದರೆ ರಂಧ್ರವು ದೊಡ್ಡದಾಗಿ, ಎಣ್ಣೆ ಹೆಚ್ಚಾಗಿ ನುಗ್ಗಿ ಜ್ವಾಲೆಯು ಹಳದಿಯಾಗುತ್ತದೆ. ಅಂಥ ನಿಪ್ಪಲ್ಲನ್ನು ಬದಲಿಸುವುದೇ ಸರಿ. ಪಂಪು ಸಡಿಲವಾಗಿ ಆಡಿದರೆ ಅದರೊಳಗಿನ ಚರ್ಮದ ವಾಷರ್ ಒಣಗಿದೆ ಎಂದು ತಿಳಿಯಿರಿ. ಒಂದೆರಡು ತೊಟ್ಟು ಎಣ್ಣೆ ಬಿಟ್ಟರೆ ಅದು ಮೆತ್ತಗಾಗುವುದು.

3. ಹಳದಿ ಜ್ವಾಲೆಯೊಡನೆ ಮಸಿ ಬಂದರೆ ಬರ್ನರ್ ಸಾಕಷ್ಟು ಕಾದಿಲ್ಲ, ಅಥವಾ ಅದರಲ್ಲಿ ಕಿಟ್ಟ ಕಟ್ಟಿದೆ ಎಂದರ್ಥ. ಕಾಯದ ಬರ್ನರಿಗೆ ಪಂಪು ಹಾಕಿದರೆ ಹಸಿ ಎಣ್ಣೆಯೇ ಚಿಮ್ಮಿ ಆಳೆತ್ತರ ಹೊತ್ತಿಕೊಳ್ಳುತ್ತದೆ. ಆಗ ಗಾಬರಿಯಾಗದೆ, ಗಾಳಿ ಬಿಡುವ ತಿರುಪನ್ನು ಕೈಗೆಟುಕುವಂತಿದ್ದರೆ ಸಡಿಲಿಸಿ ದೂರ ಸರಿಯಿರಿ. ಬತ್ತಿ ಸ್ಟೌವಿನಲ್ಲಿ ಮಸಿ ಬಂದರೆ ಬತ್ತಿಗಳ ಸುಟ್ಟ ತುದಿಯನ್ನು ಕತ್ತರಿಸಿ ಎಲ್ಲವನ್ನೂ ಸಮವಾಗಿಸಿರಿ.

4. ಎಣ್ಣೆಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಅದನ್ನು ಯಾವ ಕಾರಣಕ್ಕೂ ಒಲೆಗೆ ಹಾಕಬೇಡಿ. ಸೀಮೆಎಣ್ಣೆಯು ಸುಲಭವಾಗಿ ಸಿಗದ ಈ ದಿನಗಳಲ್ಲಿ ಬೈಕಿನ ಪೆಟ್ರೋಲನ್ನು ಬೆರೆಸುವ ಆಲೋಚನೆ ಕೆಲವರಿಗೆ ಬರುತ್ತದೆ. ಒಳ್ಳೆಯ ಸೀಮೆಎಣ್ಣೆಯು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಕಾವಿನಲ್ಲಿ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಪೆಟ್ರೋಲಾದರೋ ನೀರು ಮಂಜುಗಡ್ಡೆಯಾಗುವ ಚಳಿಯಲ್ಲಿಯೂ ಅಂಥ ಆವಿಯನ್ನು ಬಿಡುತ್ತದೆ. ಅದು ಸೇರಿದ ಒಲೆಯು ಒಲೆಯಲ್ಲ, ಸಿಡಿಮದ್ದು. ಡೀಸೆಲ್ ಕೂಡ ಬೇಡ. ಅದು ಮಸಿ ಕಟ್ಟಿಸಿ ಬರ್ನರನ್ನು ಕೆಡಿಸುತ್ತದೆ.

ಉರಿಯುವ ಅಥವಾ ಬಿಸಿಯಾಗಿರುವ ಒಲೆಗೆ ಎಂದಿಗೂ ಎಣ್ಣೆ ತುಂಬಬಾರದು. ಪಂಪ್ ಸ್ಟೌವಿನ ಟ್ಯಾಂಕಿನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಎಣ್ಣೆ ಬೇಡ. ಉಳಿದದ್ದು ಗಾಳಿಯ ಸ್ಥಳ. ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಬೇಡಿ; ಎಣ್ಣೆಯು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮರಳು ಎರಚಿರಿ ಅಥವಾ ಒದ್ದೆ ಗೋಣಿಚೀಲ ಮುಚ್ಚಿರಿ. ಮೈ ಸುಟ್ಟರೆ ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಿ. ಶಾಯಿ, ಸಗಣಿ, ಹಲ್ಲಿನ ಪೇಸ್ಟ್ ಹಚ್ಚಬೇಡಿ. ಮಗುವು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಸರಿಯಾದ ಒಲೆಯೂ ಕೋಣೆಗೆ ಬೇಡ

ಈಗ ಮುಖ್ಯ ಮಾತಿಗೆ ಬರೋಣ. ದೋಷವೆಲ್ಲ ತೀರಿ ಒಲೆಯು ನೀಲಿಯಾಗಿ ಉರಿಯುತ್ತಿದೆ ಎಂದುಕೊಳ್ಳಿ. ಆಗಲಾದರೂ ಅದನ್ನು ಬಾಣಂತಿಯ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಬಹುದೇ? ಕೂಡದು. ಮುಚ್ಚಿದ ಕೋಣೆಯಲ್ಲಿ ಉರಿಯುವ ಒಲೆಯು ಅಲ್ಲಿನ ಪ್ರಾಣವಾಯುವನ್ನು ತಿಂದು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡಬಹುದು. ಹೊಗೆಯಿಲ್ಲದ ಇದ್ದಲಿನ ಅಗ್ಗಿಷ್ಟಿಕೆಯು ಇದನ್ನು ಇನ್ನೂ ಹೆಚ್ಚಾಗಿ ಬಿಡುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣವಾಯುವಿಗಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಇದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಜೋಂಪು ಇದರ ಲಕ್ಷಣಗಳು. ಜೋಂಪನ್ನು ಬಾಣಂತಿಯ ದಣಿವೆಂದು ಎಣಿಸಿದರೆ ಆ ನಿದ್ರೆಯಿಂದ ತಾಯಿಮಗು ಏಳದೆ ಹೋಗಬಹುದು. ಬಸುರಿಯ ಗರ್ಭದಲ್ಲಿರುವ ಶಿಶುವಿಗೂ ಇದು ಅಪಾಯಕಾರಿ.

ನಿಮ್ಮ ನೆಂಟರಲ್ಲಿ ಯಾರಾದರೂ ಸೈನ್ಯದಲ್ಲಿದ್ದು ಕಾಶ್ಮೀರ, ಲಡಾಖಿನ ಕಡೆ ದುಡಿದಿದ್ದರೆ ವಿಚಾರಿಸಿರಿ. ಅಲ್ಲಿ ಸೈನಿಕರು ಬುಖಾರಿ ಎಂಬ ಸೀಮೆಎಣ್ಣೆಯ ಒಲೆಯಿಂದ ಬಿಡಾರವನ್ನು ಬೆಚ್ಚಗಿಡುತ್ತಾರೆ. ಅದಕ್ಕೆ ಹೊಗೆಯನ್ನು ಹೊರಕ್ಕೊಯ್ಯುವ ಕೊಳವೆಯಿದೆ. ಅಷ್ಟಿದ್ದೂ ಈ ವಿಷಾನಿಲದ ಭಯ ಅವರಿಗೆ ತಪ್ಪಲಿಲ್ಲ; ಅದನ್ನು ನಿವಾರಿಸಲೆಂದು ರಕ್ಷಣಾ ಸಂಶೋಧನಾ ಸಂಸ್ಥೆಯು ಹಿಮ್ ತಾಪಕ್ ಎಂಬ ಹೊಸ ಒಲೆಯನ್ನು ಸಿದ್ಧಪಡಿಸಿತು. ನಮ್ಮ ಮನೆಯ ಸ್ಟೌವಿಗಾದರೋ ಕೊಳವೆಯೇ ಇಲ್ಲ.

ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೇ ತಲೆನೋವು ಬಂದರೆ ತಡಮಾಡದೆ ಬಾಗಿಲು ಕಿಟಕಿ ತೆರೆದು, ತಾಯಿಮಗುವನ್ನು ಹೊರಗೆ ಕರೆತಂದು, 108ಕ್ಕೆ ಕರೆ ಮಾಡಿರಿ.

ಹಾಗಾದರೆ ಮಗುವಿಗೆ ಕಾವು ಎಲ್ಲಿಂದ?

ತಾಯಿಯ ಎದೆಯಿಂದ. ಕೂಸಿನ ಮೈಕಾವು 36.5ರಿಂದ 37.5 ಡಿಗ್ರಿಯಷ್ಟಿರಬೇಕು. ಅಷ್ಟು ಕಾವನ್ನು ತಾಯಿಯ ಮೈಯೇ ಕೊಡಬಲ್ಲದು. ಮಗುವಿಗೆ ಟೋಪಿ, ಕಾಲುಚೀಲ ಮಾತ್ರ ತೊಡಿಸಿ, ತಾಯಿಯ ಬರಿಯ ಎದೆಗೆ ಒರಗಿಸಿ, ಮೇಲೆ ಕಂಬಳಿ ಹೊದಿಸಿರಿ. ಮಗುವಿನ ಮುಖ ಮಾತ್ರ ತೆರೆದಿರಲಿ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು, ತೂಕ ಕಡಿಮೆಯಿರುವ ಶಿಶುಗಳಿಗಾಗಿ ಈ ಕ್ರಮವನ್ನು ಆರಂಭಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ಇದನ್ನು ಕಲಿಸುತ್ತಾರೆ. ತಾಯಿ ಸ್ನಾನಕ್ಕೋ ಊಟಕ್ಕೋ ಎದ್ದಾಗ ತಂದೆಯೂ ಮಗುವನ್ನು ಹೀಗೆಯೇ ಎದೆಗವಚಿಕೊಳ್ಳಬಹುದು. ಇದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ.

ಮೊದಲ 24 ಗಂಟೆ ಮಗುವಿಗೆ ಸ್ನಾನ ಬೇಡ. ಸ್ನಾನದ ನೀರನ್ನು ಅಡಿಗೆಮನೆಯಲ್ಲಿಯೋ ಹೊರಗಿನ ಒಲೆಯಲ್ಲಿಯೋ ಕಾಯಿಸಿ ತನ್ನಿರಿ. ಸಾಂಬ್ರಾಣಿ ಹೊಗೆಯನ್ನು ಮಗುವಿಗೆ ಹಿಡಿಯಬೇಡಿ. ಮಗುವಿನ ಪಾದ ತಣ್ಣಗಿದ್ದು, ಅದು ಹಾಲು ಕುಡಿಯದೆ ಸಪ್ಪಗೆ ಮಲಗಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಎದೆಗವಚಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ.

ದಂಪತಿಗಳೇ, ಈ ಸಂಜೆಯೇ ನಿಮ್ಮ ಒಲೆಯನ್ನು ಅಂಗಳಕ್ಕೆ ತಂದು ಪರೀಕ್ಷಿಸಿರಿ. ಎಣ್ಣೆಯ ಸೀಸೆಗೆ ಗುರುತು ಹಚ್ಚಿ, ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿರಿ. ಒಲೆಯು ಅಡಿಗೆಮನೆಯಲ್ಲಿರಲಿ, ಮಗುವು ಎದೆಯ ಮೇಲಿರಲಿ.