ಅಲೆಗೆ ಬಗ್ಗದ ಹುಣಸೂರು

ಮತ ಹಾಕಿದವರ ಎಡಗೈ ತೋರುಬೆರಳ ಮೇಲೊಂದು ನೇರಳೆ ಗೆರೆ. ಆ ಶಾಯಿ ತಯಾರಾಗುವುದು ಮೈಸೂರಿನಲ್ಲೇ. ಅದೇ ಜಿಲ್ಲೆಯ ಹುಣಸೂರು, ಮಾಜಿ ಮುಖ್ಯಮಂತ್ರಿ ದೇವರಾಜ ಅರಸರ ಕ್ಷೇತ್ರವಾಗಿದ್ದ ಊರು, ಐದು ವರ್ಷದಲ್ಲಿ ಮೂರು ಸಲ ಶಾಸಕರನ್ನು ಬದಲಿಸಿತು.

2018ರಲ್ಲಿ ಜೆಡಿಎಸ್‌ನಿಂದ ಗೆದ್ದವರು ಎ.ಎಚ್. ವಿಶ್ವನಾಥ್. ಮರುವರ್ಷ ರಾಜೀನಾಮೆ, ಅನರ್ಹತೆ. ಡಿಸೆಂಬರ್ ಉಪಚುನಾವಣೆಗೆ ಬಿಜೆಪಿ ಟಿಕೆಟ್. ಅಂದು ರಾಜ್ಯದ 15 ಕ್ಷೇತ್ರಗಳಲ್ಲಿ 12 ಬಿಜೆಪಿಗೆ ಒಲಿದವು. ಹುಣಸೂರು ಒಲಿಯಲಿಲ್ಲ! ಕಾಂಗ್ರೆಸ್‌ನ ಎಚ್.ಪಿ. ಮಂಜುನಾಥ್ ಸುಮಾರು 39 ಸಾವಿರ ಮತಗಳ ಅಂತರದಿಂದ ಗೆದ್ದರು. ಪಕ್ಷ ಬದಲಿಸಿದವರಿಗೆ ಇಷ್ಟು ನೇರ ಉತ್ತರ ಅಪರೂಪ.

ಹಾಗಾದರೆ ಇದು ಕಾಂಗ್ರೆಸ್ ಕೋಟೆಯೇ? ಅದೂ ಅಲ್ಲ.

2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಾಗ, ಪಕ್ಕದ ಪಿರಿಯಾಪಟ್ಟಣ, ಕೆ.ಆರ್. ನಗರ ಎರಡೂ ಜೆಡಿಎಸ್‌ ಬಿಟ್ಟು ಕಾಂಗ್ರೆಸ್‌ಗೆ ಬಂದವು. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಎಚ್.ಡಿ. ಕೋಟೆ ಕಾಂಗ್ರೆಸ್‌ನ ಅನಿಲ್ ಚಿಕ್ಕಮಾದು ಅವರನ್ನೇ ಉಳಿಸಿಕೊಂಡಿತು. ಹುಣಸೂರು ಮಾತ್ರ ಜೆಡಿಎಸ್‌ನ ಜಿ.ಡಿ. ಹರೀಶ್‌ಗೌಡರ ಕೈ ಹಿಡಿಯಿತು.